ನರ್ಸಿಂಗ್: ಯಾವ ಕೋರ್ಸ್, ಯಾವ ಕೆಲಸ, ಎಷ್ಟು ಸಂಬಳ?

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ನಾನು ನರ್ಸ್ ಎಂದು ಗೊತ್ತಿರುವ ಕನ್ನಡದ ಮನೆಗಳಲ್ಲಿ ಪ್ರತಿ ಮೇ ತಿಂಗಳು ಒಂದೇ ಪ್ರಶ್ನೆ: "ಮಗಳನ್ನು ಬಿ.ಎಸ್ಸಿ.ಗೆ ಸೇರಿಸಲೋ, ಜಿ.ಎನ್.ಎಂ.ಗೆ ಸೇರಿಸಲೋ?" ನಾನು ತಿರುಗಿ ಕೇಳುವುದು ಇಷ್ಟೇ: "ಅವಳು ಎಲ್ಲಿ ಕೆಲಸ ಮಾಡಬೇಕೆಂದು ಯೋಚಿಸಿದ್ದೀರಿ?" ಈ ವೃತ್ತಿಯಲ್ಲಿ ಸಂಬಳವನ್ನು ಕೋರ್ಸಿಗಿಂತ ಹೆಚ್ಚಾಗಿ ಕೆಲಸದ ಜಾಗ ನಿರ್ಧರಿಸುತ್ತದೆ. ಆದ್ದರಿಂದ ಕೆಲಸದಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬಂದು ಕೋರ್ಸ್ ಆರಿಸಿ.

ಮೊದಲು ಕೋರ್ಸುಗಳ ಪರಿಚಯ. ಎ.ಎನ್.ಎಂ. 2 ವರ್ಷ, ಉಪಕೇಂದ್ರಗಳಲ್ಲಿ ಲಸಿಕೆ, ಬಾಣಂತಿ-ಮಗುವಿನ ಆರೈಕೆಯಂಥ ಕೆಲಸಕ್ಕೆ. ಜಿ.ಎನ್.ಎಂ. 3 ವರ್ಷದ ಡಿಪ್ಲೊಮಾ. ಪ್ಲಸ್ ಟುವಿನಲ್ಲಿ ಕಲೆ, ವಾಣಿಜ್ಯ ಓದಿದವರಿಗೂ ಅವಕಾಶವಿದೆ. ಬಿ.ಎಸ್ಸಿ. 4 ವರ್ಷ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಜಿ.ಎನ್.ಎಂ. ಮಾಡಿದವರು ಮುಂದೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು. ಎಂ.ಎಸ್ಸಿ. ಇನ್ನೂ 2 ವರ್ಷ. ಪಾಠ ಮಾಡುವ ಆಸೆಯಿದ್ದರೆ ಎಂ.ಎಸ್ಸಿ. ಮಾಡುವುದು ಒಳ್ಳೆಯದು. ವಾರ್ಡಿನಲ್ಲೇ ಇರುವವಳಿಗೆ ಅದರಿಂದ ಸಂಬಳ ದೊಡ್ಡದಾಗಿ ಏರುವುದು ಅಪರೂಪ.

ರೋಗಿಯ ಪಕ್ಕದಲ್ಲಿ ನಿಂತಾಗ ಡಿಪ್ಲೊಮಾದವಳು ಕಡಿಮೆ, ಪದವಿಯವಳು ಹೆಚ್ಚು ಎಂದೇನೂ ಇಲ್ಲ. ವ್ಯತ್ಯಾಸ ಕಾಣುವುದು ಅರ್ಜಿ ಹಾಕುವಾಗ. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ ನಡೆಯುವ ನಾರ್ಸೆಟ್ ಪರೀಕ್ಷೆಯನ್ನೇ ನೋಡಿ. ಬಿ.ಎಸ್ಸಿ. ಆದವಳು ನೋಂದಣಿ ಮಾಡಿಸಿಕೊಂಡ ಕೂಡಲೇ ಬರೆಯಬಹುದು. ಜಿ.ಎನ್.ಎಂ. ಆದವಳಿಗೆ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ಬಾಗಿಲು ಇಬ್ಬರಿಗೂ ಇದೆ; ಒಬ್ಬಳಿಗೆ ಸ್ವಲ್ಪ ತಡವಾಗಿ ತೆರೆಯುತ್ತದೆ, ಅಷ್ಟೆ.

ಈಗ ಸಂಬಳ. ಏಮ್ಸ್ ಹುದ್ದೆಯ ಮೂಲ ವೇತನ ತಿಂಗಳಿಗೆ 44,900 ರೂಪಾಯಿಯಿಂದ ಆರಂಭ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಬೇರೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯೂ ಕೇಂದ್ರ ಸರ್ಕಾರದ್ದೇ. ನಮ್ಮ ಮಕ್ಕಳು ಅದರ ನೇಮಕಾತಿ ಪ್ರಕಟಣೆಗಳ ಮೇಲೂ ಕಣ್ಣಿಟ್ಟಿರಬೇಕು. ಕೇರಳ ಪಿ.ಎಸ್.ಸಿ. ಮೂಲಕ ಸ್ಟಾಫ್ ನರ್ಸ್ ಆದರೆ, ಕಳೆದ ವೇತನ ಪರಿಷ್ಕರಣೆಯ ಶ್ರೇಣಿ 39,300ರಿಂದ ಶುರುವಾಗುತ್ತದೆ. ಪರೀಕ್ಷೆ ಕಷ್ಟ, ರ‍್ಯಾಂಕ್ ಪಟ್ಟಿಯಲ್ಲಿ ಹೆಸರು ಬಂದ ಮೇಲೂ ಕಾಯಬೇಕು. ಆದರೂ ಓದಿನ ಕೊನೆಯ ವರ್ಷದಿಂದಲೇ ತಯಾರಿ ಆರಂಭಿಸುವುದು ಜಾಣತನ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವಲ್ಲ, ಖಾಸಗಿ ಆಸ್ಪತ್ರೆಯ ನರ್ಸಿನ ಸಂಬಳವೂ ಹಾಸಿಗೆಯ ಲೆಕ್ಕದಲ್ಲೇ ಇದೆ. 2016ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯಂತೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ ಹೀಗೆ ಶಿಫಾರಸು ಮಾಡಿತು: 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ರಾಜ್ಯ ಸರ್ಕಾರದ ನರ್ಸಿಗೆ ಸಮಾನ ಸಂಬಳ, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ. 10ರಷ್ಟು ಮಾತ್ರ ಕಡಿಮೆ ಇರಬಹುದು. 50ರಿಂದ 100 ಇದ್ದರೆ ಶೇ. 25, 50ಕ್ಕಿಂತ ಚಿಕ್ಕದಾದರೆ ಕನಿಷ್ಠ 20,000. ಇದು ಶಿಫಾರಸು. ಜಾರಿಗೆ ತರುವ ಕೆಲಸ ರಾಜ್ಯಗಳದ್ದು.

ಕೇರಳದಲ್ಲಿ ಅದು ತಾನಾಗಿ ಬರಲಿಲ್ಲ. 2011-12ರಲ್ಲಿ ಇಲ್ಲಿನ ಖಾಸಗಿ ಆಸ್ಪತ್ರೆಗಳ ಮುಂದೆ ನರ್ಸುಗಳು ಮುಷ್ಕರ ಕೂತರು. 2018ರಲ್ಲಿ ಚೇರ್ತಲದಿಂದ ತಿರುವನಂತಪುರಕ್ಕೆ ನಡೆದೇ ಹೋಗುತ್ತೇವೆ ಎಂದು ಘೋಷಿಸಿದರು. ಹೊರಡುವ ಹಿಂದಿನ ದಿನ, ಏಪ್ರಿಲ್ 23ರಂದು, ಸರ್ಕಾರ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿತು: ನರ್ಸಿಗೆ ಮೂಲ ವೇತನ 20,000. ಕೆಲಸಕ್ಕೆ ಸೇರುವ ಮಗಳಿಗೆ ಈ ಅಂಕಿ ಬಾಯಿಪಾಠ ಇರಲಿ. "ಟ್ರೈನಿ" ಎಂದು ಹೆಸರಿಟ್ಟು ಅದಕ್ಕಿಂತ ಕಡಿಮೆ ಕೊಡುತ್ತೇವೆ ಎಂದರೆ, ಎಷ್ಟು ತಿಂಗಳು, ಆಮೇಲೆ ಎಷ್ಟು ಎಂದು ಕಾಗದದಲ್ಲಿ ಬರೆಸಿಕೊಳ್ಳಲಿ.

ಇನ್ನು ನಮ್ಮ ಮನೆಗಳ ಲೆಕ್ಕ. 5 ಲಕ್ಷ ಸಾಲ ಮಾಡಿ ಓದಿಸಿದಿರಿ ಎಂದಿಟ್ಟುಕೊಳ್ಳಿ. ಶೇ. 10.5 ಬಡ್ಡಿ, 7 ವರ್ಷದ ಕಂತು ಎಂದರೆ ತಿಂಗಳಿಗೆ ಸುಮಾರು 8,400 ರೂಪಾಯಿ. 20,000 ಸಂಬಳದಲ್ಲಿ ಅದು ಹೋದರೆ ಉಳಿಯುವುದು 11,600. ಅದರಲ್ಲಿ ಹಾಸ್ಟೆಲ್, ಊಟ, ಬಸ್ಸು. ಸಾಲ 10 ಲಕ್ಷವಾದರೆ ಕಂತೇ ಹದಿನಾರು ಸಾವಿರ ದಾಟುತ್ತದೆ! "ವಿದೇಶಕ್ಕೆ ಹೋಗಿ ತೀರಿಸುತ್ತಾಳೆ" ಎಂಬ ಧೈರ್ಯದ ಮೇಲೆ ಆ ಸಾಲ ಮಾಡಬೇಡಿ. ಊರಿನ ಸಂಬಳದಲ್ಲೇ ತೀರುವಷ್ಟು ಸಾಲ ಮಾಡಿ. ವಿದೇಶ ಸಿಕ್ಕರೆ ಅದು ಲಾಭ. ದುಬಾರಿ ಮ್ಯಾನೇಜ್‌ಮೆಂಟ್ ಸೀಟಿನ ಬಿ.ಎಸ್ಸಿ.ಗಿಂತ ಕಡಿಮೆ ಶುಲ್ಕದ ಒಳ್ಳೆಯ ಜಿ.ಎನ್.ಎಂ., ಆಮೇಲೆ ಪೋಸ್ಟ್ ಬೇಸಿಕ್, ಎಷ್ಟೋ ಮನೆಗಳಿಗೆ ಹೊಂದುವ ದಾರಿ.

ಸಾಲವೇ ಬೇಡ ಎನ್ನುವವರಿಗೆ ಮಿಲಿಟರಿ ನರ್ಸಿಂಗ್ ಇದೆ. ನೀಟ್ ಅಂಕದ ಮೇಲೆ ಅವಿವಾಹಿತ ಹುಡುಗಿಯರನ್ನು ಆರಿಸುತ್ತಾರೆ. 4 ವರ್ಷದ ಬಿ.ಎಸ್ಸಿ. ಉಚಿತ, ಮುಗಿದ ಮೇಲೆ ಲೆಫ್ಟಿನೆಂಟ್ ಹುದ್ದೆ. ಅದರ ಕಾಲೇಜುಗಳಲ್ಲಿ ಒಂದು ಬೆಂಗಳೂರಿನ ವಾಯುಪಡೆ ಆಸ್ಪತ್ರೆಯಲ್ಲೇ ಇದೆ.

ಬೆಂಗಳೂರು, ಮಂಗಳೂರಿನಲ್ಲಿ ಓದಿಸುವವರಿಗೆ ಎರಡು ಮಾತು. ಕೇರಳದಿಂದ ಹೋಗುವ ಬಹುಪಾಲು ಮಕ್ಕಳಿಗೆ ಅಲ್ಲಿನ ವಾರ್ಡಿನಲ್ಲಿ ಅಜ್ಜಿಯೊಬ್ಬಳ ನೋವು ಕೇಳಲು ಭಾಷೆ ಅಡ್ಡ ಬರುತ್ತದೆ. ನಮ್ಮ ಮಕ್ಕಳಿಗೆ ಕನ್ನಡವಿದೆ, ಮಲಯಾಳವೂ ಇದೆ. ಮನೆಯಲ್ಲಿ ಕನ್ನಡ ಮಾತಾಡಿಸಿದ್ದು ಇಲ್ಲಿ ಅನ್ನಕ್ಕೆ ಬರುತ್ತದೆ. ಎರಡನೆಯದು, ಅಲ್ಲಿ ಓದಿದವಳು ಮೊದಲು ಕರ್ನಾಟಕ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಾಯಿಸಬೇಕು. ಕೇರಳಕ್ಕೆ ಮರಳಿದರೆ ಇಲ್ಲಿನ ನರ್ಸಸ್ ಆ್ಯಂಡ್ ಮಿಡ್‌ವೈವ್ಸ್ ಕೌನ್ಸಿಲಿನಲ್ಲೂ ನೋಂದಣಿ ಬೇಕು, ಅದಿಲ್ಲದೆ ಪಿ.ಎಸ್.ಸಿ. ಕೆಲಸವಿಲ್ಲ. ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ದುಡ್ಡು ಕಟ್ಟುವ ಮೊದಲೇ ನೋಡಿ. ಏಜೆಂಟರ ಬಾಯಿಮಾತು ಸಾಲದು.

ಕೊನೆಯದಾಗಿ ವಿದೇಶ. ಗಲ್ಫಿಗೆ ಸಾಮಾನ್ಯವಾಗಿ 2 ವರ್ಷದ ಅನುಭವ ಮತ್ತು ಪ್ರೊಮೆಟ್ರಿಕ್‌ನಂಥ ಪರೀಕ್ಷೆ, ಬ್ರಿಟನ್ನಿಗೆ ಓ.ಇ.ಟಿ. ಅಥವಾ ಐಇಎಲ್‌ಟಿಎಸ್, ಅಮೆರಿಕಕ್ಕೆ ಎನ್‌ಕ್ಲೆಕ್ಸ್, ಜರ್ಮನಿಗೆ ಜರ್ಮನ್ ಭಾಷೆ. ನೋರ್ಕಾ ರೂಟ್ಸ್ 2021ರ ಡಿಸೆಂಬರಿನಲ್ಲಿ ಜರ್ಮನಿಯ ಜೊತೆ ಒಪ್ಪಂದ ಮಾಡಿಕೊಂಡ "ಟ್ರಿಪಲ್ ವಿನ್" ಯೋಜನೆಯಲ್ಲಿ ಭಾಷಾ ತರಬೇತಿ ಉಚಿತ. ಅಲ್ಲಿ ನೋಂದಣಿ ಆಗುವ ತನಕ ಸಹಾಯಕಿಯ ಕೆಲಸ, ಕಡಿಮೆ ಸಂಬಳ ಎಂಬುದನ್ನು ತಿಳಿದೇ ಹೋಗಬೇಕು.

2015ರಲ್ಲಿ ಕುವೈತಿನ ನರ್ಸ್ ನೇಮಕಾತಿಯ ಹಗರಣ ಕೊಚ್ಚಿಯಲ್ಲೇ ಬಯಲಾದದ್ದು ನಿಮಗೆ ನೆನಪಿರಬಹುದು. 19,500 ರೂಪಾಯಿ ತೆಗೆದುಕೊಳ್ಳಬೇಕಾದಲ್ಲಿ 19.5 ಲಕ್ಷ ವಸೂಲು ಮಾಡಿದರೆಂಬುದು ಸಿಬಿಐ ಪ್ರಕರಣದ ಆರೋಪ. ಅದೇ ವರ್ಷ ಕೇಂದ್ರ ಸರ್ಕಾರ ಗಲ್ಫ್ ಸೇರಿ 18 ದೇಶಗಳ ನರ್ಸ್ ನೇಮಕಾತಿಯನ್ನು ನೋರ್ಕಾ, ಒಡೆಪೆಕ್‌ನಂಥ ಸರ್ಕಾರಿ ಸಂಸ್ಥೆಗಳಿಗೆ ವಹಿಸಿತು. ನೋರ್ಕಾ ಕಚೇರಿ ತಿರುವನಂತಪುರದಲ್ಲಿದೆ; ನಮಗೆ ಒಂದು ಬಸ್ಸಿನ ದೂರ. ನೋಂದಾಯಿತ ಏಜೆಂಟರಾದರೂ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ. ಹೆಚ್ಚು ಕೇಳಿದರೆ ಎದ್ದು ಬನ್ನಿ.

ಮಕ್ಕಳೇ, ನಿಮಗೊಂದು ಮಾತು. ಮೊದಲ 2 ವರ್ಷ ಮನೆಗೆ ಹತ್ತಿರದ ಚಿಕ್ಕ ನರ್ಸಿಂಗ್ ಹೋಮಿಗಿಂತ ಐಸಿಯು ಇರುವ ದೊಡ್ಡ ಆಸ್ಪತ್ರೆಯಲ್ಲಿ ದುಡಿಯಿರಿ, ಸಂಬಳ ಒಂದೆರಡು ಸಾವಿರ ಕಡಿಮೆಯಾದರೂ ಸರಿ. ಮುಂದಿನ ಎಲ್ಲ ಬಾಗಿಲಿಗೂ ಆ ಅನುಭವ ಪತ್ರವೇ ಕೀಲಿಕೈ. ಮೂಲ ಸರ್ಟಿಫಿಕೇಟ್ ಮಾತ್ರ ಯಾರ ಕೈಗೂ ಬಿಟ್ಟು ಬರಬೇಡಿ. ನನ್ನ ಜೊತೆ ಓದಿದವಳೊಬ್ಬಳ ಸರ್ಟಿಫಿಕೇಟನ್ನು ಒಂದು ಆಸ್ಪತ್ರೆ ಬಾಂಡ್ ಎಂದು ಇಟ್ಟುಕೊಂಡಿತ್ತು. ಅದು ಕೈಗೆ ಸಿಗುವಷ್ಟರಲ್ಲಿ ಅವಳ ಸೌದಿ ಸಂದರ್ಶನದ ದಿನ ಕಳೆದಿತ್ತು.

ರಾತ್ರಿ ಪಾಳಿ, ನಿಂತ ಕಾಲಿನ ನೋವು, ಹಬ್ಬದ ದಿನವೂ ಡ್ಯೂಟಿ ಇದ್ದದ್ದೇ. ಅದನ್ನು ಒಪ್ಪಿಕೊಂಡು ಬರುವ ಹುಡುಗಿಗೆ ಸರಿಯಾದ ಸಂಬಳ ಕೇಳುವ ಹಕ್ಕೂ ಇದೆ. ಅಮ್ಮಂದಿರೇ, ಸೀಟು ಕಾಯ್ದಿರಿಸುವ ಮುನ್ನ ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ: ಒಟ್ಟು ಖರ್ಚು, ತಿಂಗಳ ಕಂತು, ಊರಿನಲ್ಲೇ ಸಿಗುವ ಸಂಬಳ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ.