ಐದು ಅಂತಸ್ತಿಗೊಂದು ಲಿಫ್ಟ್

ನ್ಯೂಯಾರ್ಕಿನ ಬ್ರಾಡ್‌ವೇ ಮತ್ತು ಬ್ರೂಮ್ ಬೀದಿಗಳು ಕೂಡುವ ಮೂಲೆಯಲ್ಲಿ 1857ರ ಹಾವೌಟ್ ಕಟ್ಟಡ ನಿಂತಿದೆ. ಲಿಫ್ಟಿನ ಚರಿತ್ರೆ ಬರೆಯುವವರು ಇದನ್ನು ಬಿಡುವಂತಿಲ್ಲ. ಎಲಿಷಾ ಓಟಿಸ್ ತನ್ನ ಪ್ರಯಾಣಿಕರ ಲಿಫ್ಟನ್ನು ಮೊದಲು ಕೂರಿಸಿದ್ದು ಇಲ್ಲೇ. ಆದರೆ ಕಟ್ಟಡಕ್ಕಿರುವುದು ಐದೇ ಅಂತಸ್ತು. ಅಷ್ಟನ್ನು ಆ ಕಾಲದ ಜನ ದಿನಾ ಹತ್ತಿ ಇಳಿಯುತ್ತಿದ್ದರು. ಮತ್ತೇಕೆ ಲಿಫ್ಟು?

ಮಾಲೀಕ ಹಾವೌಟ್ ಪಿಂಗಾಣಿ, ಬೆಳ್ಳಿ ಸಾಮಾನು, ತೂಗುದೀಪಗಳ ವ್ಯಾಪಾರಿ. ಲಿಂಕನ್ನರ ಪತ್ನಿ ಶ್ವೇತಭವನಕ್ಕೆ ಊಟದ ತಟ್ಟೆ ಕೊಂಡಿದ್ದು ಇವನ ಬಳಿ. ಉಗಿಯ ಬಲದಿಂದ ನಿಮಿಷಕ್ಕೆ ಸುಮಾರು 40 ಅಡಿ ಏರುವ ಪೆಟ್ಟಿಗೆಯನ್ನು ನೋಡಬಂದವರು ಮೇಲೆ ಹೋಗಿ ಒಂದು ಬಟ್ಟಲನ್ನಾದರೂ ಕೊಂಡಾರು ಎಂಬ ಲೆಕ್ಕ ಅವನದು ಎಂದೇ ನನ್ನ ಊಹೆ. 1854ರಲ್ಲಿ ಓಟಿಸ್ ತಾನು ನಿಂತ ಅಟ್ಟಣಿಗೆಯ ಹಗ್ಗವನ್ನು ತುಂಬಿದ ಸಭೆಯೆದುರು ಕಡಿಸಿ, ಬೀಳದೆ ನಿಂತು ತೋರಿಸಿದ್ದ. ಪ್ರಚಾರದ ಮರ್ಮ ಇಬ್ಬರಿಗೂ ಗೊತ್ತಿತ್ತು.

ನನ್ನ ಕಣ್ಣು ಮಾತ್ರ ಹೊರಗಿನ ಮುಖದ ಮೇಲೆ. ವಾಸ್ತುಶಿಲ್ಪಿ ಜಾನ್ ಗೇನರ್ ವೆನಿಸ್‌ನಲ್ಲಿ ಸಾನ್ಸೊವಿನೊ ಕಟ್ಟಿದ 16ನೇ ಶತಮಾನದ ಗ್ರಂಥಾಲಯದ ಕಮಾನನ್ನು ಎತ್ತಿಕೊಂಡ: ಚಿಕ್ಕ ಕಂಬಗಳ ಮೇಲೆ ಕಮಾನು, ಅದರ ಎರಡು ಪಕ್ಕ ದೊಡ್ಡ ಕಂಬ. ಡೇನಿಯಲ್ ಬ್ಯಾಜರ್‌ನ ಕಾರ್ಖಾನೆ ಅದನ್ನು ಕಬ್ಬಿಣದಲ್ಲಿ ಎರಕ ಹೊಯ್ದಿತು. ಕಲ್ಲಾದರೆ ಪ್ರತಿ ಕಂಬವನ್ನೂ ಹೊಸದಾಗಿ ಕೆತ್ತಬೇಕು. ಇಲ್ಲಿ ಅಚ್ಚು ಮಾಡಿಕೊಂಡರೆ ಬೇಕಾದಷ್ಟು ಕಂಬ. ಹೀಗೆ ದೂರದಲ್ಲಿ ಎರಕ ಹೊಯ್ದು ತಂದು ಜೋಡಿಸುವ ಪದ್ಧತಿ ನಮಗೂ ಬಂತು: ಮೈಸೂರು ಅರಮನೆಯ ಕಲ್ಯಾಣಮಂಟಪದ ಕಂಬಗಳು ಗ್ಲಾಸ್ಗೋದವು.

ಎರಕದ ಅಲಂಕಾರವೆಂದರೆ ಕಲಾವಿಮರ್ಶಕ ರಸ್ಕಿನ್‌ಗೆ ಆಗದು. ಕಲ್ಲಿನ ವೇಷ ತೊಟ್ಟ ಕಬ್ಬಿಣ ಅವನ ಪ್ರಕಾರ ಸುಳ್ಳು. ನಾನು ಒಪ್ಪುವುದಿಲ್ಲ. ಒಂದೇ ಕಮಾನು ಎರಡು ಬೀದಿಗಳ ಉದ್ದಕ್ಕೂ ತಾಳದ ಆವರ್ತನದಂತೆ ಮರಳಿ ಮರಳಿ ಬರುವಾಗ, ಅಚ್ಚಿನ ಕೆಲಸ ಎಂಬುದೇ ಅದರ ಸೊಗಸು. ಕಬ್ಬಿಣದ ಕಂಬ ತೆಳ್ಳಗಿದ್ದರೂ ಭಾರ ಹೊರುವುದರಿಂದ ಕಿಟಕಿಗಳು ಅಗಲವಾದವು. ವಿದ್ಯುದ್ದೀಪವಿಲ್ಲದ ಕಾಲದಲ್ಲಿ ಬೆಳಕು ಒಳಗೆ ಆಳಕ್ಕೆ ಇಳಿಯಿತು. ಬೆಂಕಿಗೆ ಜಗ್ಗದು ಎಂದು ಹೊಗಳಿದ್ದು ಮಾತ್ರ ಉತ್ಪ್ರೇಕ್ಷೆ. ಕಾದ ಎರಕಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ.

ವ್ಯಾಪಾರ ನಗರದ ಉತ್ತರಕ್ಕೆ ಸರಿದ ಮೇಲೆ ಈ ಪ್ರದೇಶ ಬಟ್ಟೆ ಹೊಲಿಗೆ, ಗೋದಾಮುಗಳ ಪಾಲಾಯಿತು. ಪದೇ ಪದೇ ಬೆಂಕಿ ನಂದಿಸಿ ಬೇಸತ್ತ ಅಗ್ನಿಶಾಮಕರು ಇದಕ್ಕೆ ‘ನರಕದ ನೂರು ಎಕರೆ’ ಎಂದು ಹೆಸರಿಟ್ಟರು. ನಗರದ ಯೋಜಕ ರಾಬರ್ಟ್ ಮೋಸೆಸ್ ಬ್ರೂಮ್ ಬೀದಿಯ ಮೇಲೆ ಎತ್ತರದ ಹೆದ್ದಾರಿ ಎಳೆಯಲು ಹೊರಟಾಗ ಹಾವೌಟ್ ಕಟ್ಟಡವೂ ನೆಲಸಮವಾಗುವುದರಲ್ಲಿತ್ತು. 1965ರಲ್ಲಿ ಅದು ಸಂರಕ್ಷಿತ ಕಟ್ಟಡವಾಯಿತು. ಲೇಖಕಿ ಜೇನ್ ಜೇಕಬ್ಸ್ ಮೊದಲಾದವರ ಹೋರಾಟದಿಂದ 1969ರಲ್ಲಿ ಹೆದ್ದಾರಿಯ ಯೋಜನೆಯೇ ಬಿದ್ದುಹೋಯಿತು. ಅಷ್ಟರಲ್ಲಿ ಸುತ್ತಲಿನ ಖಾಲಿ ಲಾಫ್ಟುಗಳಿಗೆ, ಅಂದರೆ ಗೋದಾಮಿನ ವಿಶಾಲ ಅಂತಸ್ತುಗಳಿಗೆ, ಚಿತ್ರಕಾರರು, ಶಿಲ್ಪಿಗಳು ಕದ್ದುಮುಚ್ಚಿ ಬಂದು ನೆಲೆಸಿದ್ದರು: ದೊಡ್ಡ ಕ್ಯಾನ್ವಾಸಿಗೆ ನಡುಗೋಡೆಯಿಲ್ಲದ ಜಾಗ, ಕಡಿಮೆ ಬಾಡಿಗೆ. ಅವರ ವಾಸಕ್ಕೆ 1971ರಲ್ಲಿ ಕಾನೂನಿನ ಒಪ್ಪಿಗೆ ಸಿಕ್ಕಿತು, 1973ರಲ್ಲಿ ಸೋಹೊ ಎಂದು ಹೆಸರಾದ ಈ ಭಾಗ ಸಂರಕ್ಷಿತ ಪ್ರದೇಶವಾಯಿತು. ಆಮೇಲೆ ಹಣವಂತರು ಬಂದರು. ಇಂದು ಅಲ್ಲೊಂದು ಲಾಫ್ಟ್ ಹಿಡಿಯುವುದು ಹೆಚ್ಚಿನ ಕಲಾವಿದರಿಗೆ ಕನಸಿನ ಮಾತು.