ಪ್ಯಾಂಟ್ ಜೇಬಿನಲ್ಲಿ ಹೋಪ್ ವಜ್ರ

ಇವತ್ತು ನಾನು ಹೇಳೋಕೆ ಹೊರಟಿರೋದು ಜಾರ್ಜ್ ಸ್ವಿಟ್ಜರ್ ಕಥೆ. ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿ ಖನಿಜ ಸಂಗ್ರಹ ನೋಡಿಕೊಳ್ತಿದ್ದ ವಿಜ್ಞಾನಿ. ನ್ಯೂಯಾರ್ಕ್‌ನ ವಜ್ರ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್ ಅವರಿಂದ 45.52 ಕ್ಯಾರೆಟ್‌ನ ನೀಲಿ ಹೋಪ್ ವಜ್ರ ಮ್ಯೂಸಿಯಂಗೆ ದಾನವಾಗಿ ಬರೋದರಲ್ಲಿ ಇವರ ಪಾತ್ರ ದೊಡ್ಡದು. 1958ರಲ್ಲಿ ಅದು ಬಂದಿದ್ದು ಹೇಗೆ ಗೊತ್ತಾ? ರಿಜಿಸ್ಟರ್ಡ್ ಪೋಸ್ಟಲ್ಲಿ!

1962ರಲ್ಲಿ ಅದನ್ನು ಪ್ರದರ್ಶನಕ್ಕೆಂದು ಪ್ಯಾರಿಸ್‌ನ ಲೂವ್ರ್‌ಗೆ ಒಯ್ಯಬೇಕಾಯ್ತು. ಹೆಂಡತಿ ಹೊಲಿದುಕೊಟ್ಟ ಮಖಮಲ್ ಚೀಲದಲ್ಲಿ ವಜ್ರ ಇಟ್ಟು, ಪ್ಯಾಂಟ್ ಜೇಬಿನೊಳಗೆ ಪಿನ್ ಹಾಕಿಕೊಂಡು ಸ್ವಿಟ್ಜರ್ ಹೊರಟೇಬಿಟ್ಟರು. ಪ್ಯಾರಿಸ್‌ನಲ್ಲಿ ಇವರಿದ್ದ ಕಾರಿಗೆ ಸಣ್ಣ ಅಪಘಾತವೂ ಆಯ್ತು. ವಜ್ರಕ್ಕೆ ಶಾಪವಿದೆ ಅನ್ನೋರಿಗೆ ಇಷ್ಟು ಸಾಕು ಬಿಡಿ! ಆದ್ರೆ ವಜ್ರ ಕ್ಷೇಮವಾಗಿ ವಾಪಸ್ ಬಂತು. ಅದರ ಹಿಂದೆಯೇ ಬೇರೆಯವರೂ ತಮ್ಮ ರತ್ನಗಳನ್ನು ಆ ಮ್ಯೂಸಿಯಂಗೆ ಕೊಡೋಕೆ ಶುರು ಮಾಡಿದರು.