ಮೊತ್ತದ ಹಿಂದಿರುವ ಎಸೆತಗಳು

ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರರ ಅಂಕಗಳು ಎರಡು ಸಂಗತಿಗಳ ಗುಣಲಬ್ಧ: ಬುಟ್ಟಿಗೆ ಎಸೆಯಲು ಸಿಕ್ಕ ಅವಕಾಶಗಳೆಷ್ಟು, ಒಂದೊಂದು ಅವಕಾಶದಿಂದ ಬಂದ ಅಂಕಗಳೆಷ್ಟು. ಪತ್ರಿಕೆಯ ತಲೆಬರಹಕ್ಕೆ ಬರುವುದು ಮೊತ್ತ ಮಾತ್ರ.

ಅವಕಾಶಗಳ ಸಂಖ್ಯೆಗೆ ಮೊದಲ ಆಧಾರ ಆಟದ ವೇಗ. 1950ರಲ್ಲಿ ಫೋರ್ಟ್ ವೇಯ್ನ್ ಪಿಸ್ಟನ್ಸ್ ತಂಡ ಚೆಂಡನ್ನು ಬಿಟ್ಟುಕೊಡದೆ ಕಾಲ ತಳ್ಳಿ, ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು 19–18ರಿಂದ ಸೋಲಿಸಿತು. ಇಂಥ ಆಟ ನೋಡಲು ಜನ ಬರುವುದಿಲ್ಲ. ಹಾಗಾಗಿ 1954ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ, 24 ಸೆಕೆಂಡಿನೊಳಗೆ ಎಸೆಯಲೇಬೇಕೆಂಬ ನಿಯಮ ತಂದಿತು. ಆಗಿನ ಲೆಕ್ಕ ಹೀಗಿತ್ತು: ಒಳ್ಳೆಯ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಎಸೆತ. 48 ನಿಮಿಷದ 2,880 ಸೆಕೆಂಡುಗಳನ್ನು ಅದರಿಂದ ಭಾಗಿಸಿದರೆ ಬರುವುದೇ 24.

ತಂಡದ ಎಸೆತಗಳಲ್ಲಿ ಒಬ್ಬರಿಗೆ ಸಿಗುವ ಪಾಲು ಎರಡನೆಯ ಆಧಾರ. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಫಿಲಡೆಲ್ಫಿಯಾ ವಾರಿಯರ್ಸ್‌ನ ವಿಲ್ಟ್ ಚೇಂಬರ್ಲಿನ್ ಗಳಿಸಿದ 100 ಅಂಕಗಳ ಹಿಂದೆ 63 ಎಸೆತ, 32 ಫ್ರೀ ಥ್ರೋ (ಫೌಲಿಗೆ ಪ್ರತಿಯಾಗಿ ಸಿಗುವ, ಯಾರೂ ತಡೆಯದ ಎಸೆತ) ಇದ್ದವು. ಚೇಂಬರ್ಲಿನ್ ಕೈಗೆ ಚೆಂಡು ಹೋಗದಿರಲೆಂದು ಕೊನೆಯ ಹೊತ್ತಿನಲ್ಲಿ ಎದುರಾಳಿ ನ್ಯೂಯಾರ್ಕ್ ನಿಕ್ಸ್ ಆಟಗಾರರು ಅವರ ಜೊತೆಗಾರರ ಮೇಲೆ ಫೌಲ್ ಮಾಡತೊಡಗಿದರು. ಚೆಂಡು ಬೇಗ ಮರಳಿ ಸಿಗಲೆಂದು ವಾರಿಯರ್ಸ್ ಕೂಡ ಫೌಲ್ ಮಾಡಿತು. ಸೋಲು-ಗೆಲುವು ಆಗಲೇ ತೀರ್ಮಾನವಾಗಿತ್ತು, ಹೋರಾಟವೆಲ್ಲ ಒಬ್ಬರ ಅವಕಾಶಗಳ ಸುತ್ತ.

ಮೊತ್ತ ಒಂದೇ ಆದಾಗ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. 2016ರ ಏಪ್ರಿಲ್‌ನಲ್ಲಿ ಎನ್‌ಬಿಎ ಆಟಗಾರ ಕೋಬಿ ಬ್ರಯಂಟ್ ತಮ್ಮ ಕೊನೆಯ ಪಂದ್ಯದಲ್ಲಿ 60 ಅಂಕ ಗಳಿಸಿದರು. ಅದೇ ಡಿಸೆಂಬರ್‌ನಲ್ಲಿ ಕ್ಲೇ ಥಾಂಪ್ಸನ್ ಗಳಿಸಿದ್ದೂ 60. ಬ್ರಯಂಟ್ ಎಸೆದದ್ದು 50 ಬಾರಿ, ಥಾಂಪ್ಸನ್ 33 ಬಾರಿ. ಎಸೆಯುವಾಗ ಫೌಲಾಗಿ ಚೆಂಡು ಬುಟ್ಟಿಗೆ ಬೀಳದಿದ್ದರೆ ಅದನ್ನು ಎಸೆತವೆಂದು ಎಣಿಸುವುದಿಲ್ಲ; ಆ ಅವಕಾಶ ಫ್ರೀ ಥ್ರೋಗಳಲ್ಲಿ ಮಾತ್ರ ಕಾಣುತ್ತದೆ. ಹಾಗಾಗಿ ಅಂಕಿಅಂಶ ತಜ್ಞರು ಫ್ರೀ ಥ್ರೋಗಳ ಸಂಖ್ಯೆಯನ್ನು 0.44ರಿಂದ ಗುಣಿಸಿ ಎಸೆತಗಳಿಗೆ ಕೂಡಿಸುತ್ತಾರೆ. ಆಗ ಪ್ರತಿ ಅವಕಾಶಕ್ಕೆ ಬ್ರಯಂಟ್‌ಗೆ ಸುಮಾರು 1.09, ಥಾಂಪ್ಸನ್‌ಗೆ 1.59 ಅಂಕ.

ಇಷ್ಟರಿಂದಲೇ ಬ್ರಯಂಟ್ ಆಟ ಕಳಪೆ ಎನ್ನುವುದು ನ್ಯಾಯವಲ್ಲ. ಎಲ್ಲ ಅವಕಾಶಗಳ ಗುಣ ಒಂದೇ ಅಲ್ಲ. ಥಾಂಪ್ಸನ್ ಅಂದು 29 ನಿಮಿಷ ಆಡಿ ಚೆಂಡನ್ನು ನೆಲಕ್ಕೆ ಪುಟಿಸಿದ್ದು ಹನ್ನೊಂದೇ ಸಲ. ಜೊತೆಗಾರರು ಎದುರಾಳಿಗಳನ್ನು ಅಡ್ಡಗಟ್ಟಿ, ಥಾಂಪ್ಸನ್ ಖಾಲಿ ಜಾಗಕ್ಕೆ ಓಡಿದ ಕ್ಷಣಕ್ಕೇ ಪಾಸ್ ಕೊಟ್ಟಿದ್ದರು. ಬ್ರಯಂಟ್‌ರಂತೆ ಒಬ್ಬರೇ ತಂಡದ ಎಸೆತಗಳ ಹೊರೆ ಹೊತ್ತಾಗ ಹಾಗಾಗುವುದಿಲ್ಲ. ರಕ್ಷಣೆಯೆಲ್ಲ ಅವರತ್ತಲೇ ವಾಲುತ್ತದೆ; 24 ಸೆಕೆಂಡು ಮುಗಿಯುತ್ತ ಬಂದಾಗ ಎಸೆಯಬೇಕಾದ ಕಷ್ಟದ ಚೆಂಡೂ ಅವರ ಕೈಗೇ ಬರುತ್ತದೆ.